ಹೊಸ ಸ್ಪೀಕರ್ ಬರುತ್ತದಂತೆ!

ಭೀಮಾ ಸೀಮೆಯ ಅಫಜಲಪುರ ತಾಲ್ಲೂಕಿನಲ್ಲಿ ಕರಜಗಿ ಒಂದು ಹೋಬಳಿ ಕೇಂದ್ರ. (ಹಾವೇರಿ ಬಳಿಯ ಕರ್ಜಗಿ ಬೇರೆ.) ಕಲಬುರಗಿ ಜಿಲ್ಲೆಯ ಈ ತಾಲ್ಲೂಕಿಗೆ ತಾಗಿಕೊಂಡೇ ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕು ಇದೆ. ಸುಗ್ಗಿ ಮುಗಿದು ಜಾತ್ರೆ, ಉರುಸು, ಮದುವೆಗಳ ಕಾಲ ಬಂತೆಂದರೆ ಈ ಗಡಿಸೀಮೆಯ ಹುಡುಗರ ಮಾತಿನಲ್ಲಿ ಮಳೆ, ಬೆಳೆ, ರಾಜಕೀಯದ ಜೊತೆಗೆ ಇನ್ನೊಂದು ವಿಷಯವೂ ಸೇರಿಕೊಳ್ಳುತ್ತದೆ. ಈ ಸಲ ಯಾರ ಸೆಟ್ಟು? ಎಷ್ಟು ಬಾಕ್ಸು? ಹದಿನೆಂಟು ಇಂಚಿನವೇ? ಹೊಸ ಮಾಲು ಬಂದಿದೆಯಂತೆ, ನಿಜವೇ?

ಬೆಂಗಳೂರು, ಮುಂಬಯಿಗಳ ಸಂಗೀತಪ್ರಿಯರ ಮನೆಗಳಲ್ಲೂ ಇಂಥದೇ ಕಾತರವಿದೆ. ಯಾವುದೋ ಬ್ರಿಟಿಷ್ ಅಥವಾ ಜಪಾನಿ ಕಂಪನಿ ಹೊಸ ಮಾಲಿಕೆಯ ಸ್ಪೀಕರುಗಳನ್ನು ಹೊರತರಲಿದೆ ಎಂದರೆ ಅವರು ತಿಂಗಳುಗಟ್ಟಲೆ ಕಾಯುತ್ತಾರೆ. ಆದರೆ ಎರಡು ಕಡೆಯವರು ಕಾಯುತ್ತಿರುವುದು ಒಂದೇ ವಸ್ತುವಿಗಾದರೂ ಅದರಿಂದ ಬಯಸುವುದು ಒಂದನ್ನೇ ಅಲ್ಲ. ನಗರದ ರಸಿಕನಿಗೆ ಸ್ಪೀಕರ್ ಇದೆ ಎಂಬುದೇ ಮರೆತುಹೋಗಬೇಕು, ಎದುರಿಗೆ ಗಾಯಕ ಕುಳಿತು ಹಾಡುತ್ತಿದ್ದಾನೆ ಅನ್ನಿಸಬೇಕು. ಜಾತ್ರೆಗೆ ಬಂದವನಿಗೆ ಸ್ಪೀಕರ್ ಇದೆ ಎಂಬುದು ಎದೆಗೇ ತಾಗಬೇಕು. ಒಬ್ಬನಿಗೆ ನಿಜದನಿ ಬೇಕು, ಇನ್ನೊಬ್ಬನಿಗೆ ದೊಡ್ಡದನಿ. ಸುಮಾರು ನೂರು ವರ್ಷಗಳ ಧ್ವನಿವರ್ಧಕದ ಚರಿತ್ರೆಯನ್ನು ಈ ಎರಡು ಬಯಕೆಗಳ ಜಗ್ಗಾಟ ಎಂದೇ ಓದಬಹುದು.

‘ಧ್ವನಿವರ್ಧಕ’ ಎಂಬ ಹೆಸರೇ ತುಸು ಮೋಸದ್ದು. ಈ ಪೆಟ್ಟಿಗೆ ಏನನ್ನೂ ವರ್ಧಿಸುವುದಿಲ್ಲ. ವರ್ಧಿಸುವುದು ಅದರ ಹಿಂದೆ ಇರುವ ಆಂಪ್ಲಿಫೈಯರ್. ಅದು ಕೊಟ್ಟ ವಿದ್ಯುತ್ತನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವುದಷ್ಟೇ ಸ್ಪೀಕರಿನ ಕೆಲಸ. ಉತ್ತರ ಕರ್ನಾಟಕದ ಆಡುಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಸರಂಜಾಮಿಗೆ ‘ಮೈಕು’ ಎಂದು ಕರೆಯಿತು. ‘ಗುಡಿಯಾಗ ಮೈಕ್ ಹಚ್ಚ್ಯಾರ’ ಎಂದರೆ ಕೂಗುತ್ತಿರುವುದು ಮೈಕಲ್ಲ, ಗೋಪುರಕ್ಕೆ ಕಟ್ಟಿದ ಹಾರ್ನು. ಆಚೆ ದಡದ ಮರಾಠಿಯಲ್ಲಿ ಅದಕ್ಕೆ ‘ಭೋಂಗಾ’ ಎಂಬ ಹೆಸರು. ಕೇಳಿದರೇ ಸದ್ದು ಬರುವಂಥ ಪದ!

ದೊಡ್ಡದನಿಯೇ ಮೊದಲು ಹುಟ್ಟಿತು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿದ್ದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡ್ಹ್ಯಾಮ್ ಕ್ಯಾಲಿಫೋರ್ನಿಯದಲ್ಲಿ ಸುರುಳಿ ಮತ್ತು ಅಯಸ್ಕಾಂತದಿಂದ ನಡೆಯುವ ಒಂದು ಉಪಕರಣಕ್ಕೆ ಗ್ರಾಮಫೋನಿನಂಥ ಕಹಳೆ ಜೋಡಿಸಿದರು. 1915ರ ಕ್ರಿಸ್ಮಸ್ ಹಿಂದಿನ ದಿನ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಸೇರಿದ್ದ ಸಹಸ್ರಾರು ಜನರಿಗೆ ಅದರಿಂದ ಭಾಷಣ, ಸಂಗೀತ ಕೇಳಿಸಿದರು. ಇಟ್ಟ ಹೆಸರು ‘ಮ್ಯಾಗ್ನವಾಕ್ಸ್’. ಲ್ಯಾಟಿನ್‌ನಲ್ಲಿ ‘ಮಹಾಧ್ವನಿ’ ಎಂದೇ ಅರ್ಥ. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಇದೇ ಯಂತ್ರದ ನೆರವಿನಿಂದ ಸುಮಾರು 50 ಸಾವಿರ ಜನರ ಮುಂದೆ ಮಾತನಾಡಿದರು. ಮನುಷ್ಯನ ಕಂಠಕ್ಕೆ ಪ್ರಕೃತಿ ಹಾಕಿದ್ದ ಎಲ್ಲೆಯನ್ನು ಒಬ್ಬ ರಾಜಕಾರಣಿ ಹೀಗೆ ದಾಟಿದ. ಆಮೇಲೆ ಆ ಜಾತಿಯವರು ಹಿಂದಿರುಗಿ ನೋಡಿದ್ದೇ ಇಲ್ಲ.

ನಿಜದನಿಯ ಕಡೆಗೆ ದೊಡ್ಡ ಹೆಜ್ಜೆ ಬಿದ್ದದ್ದು 1925ರಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕಹಳೆಯನ್ನು ಬಿಟ್ಟು ಕಾಗದದ ಶಂಕುವನ್ನೇ ನೇರವಾಗಿ ಅಲುಗಾಡಿಸುವ ಸ್ಪೀಕರಿನ ವಿವರಗಳನ್ನು ಪ್ರಕಟಿಸಿದರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದ. ವಿದ್ಯುತ್ತು ಏರಿಳಿದಂತೆ ಸುರುಳಿ ಹಿಂದೆ ಮುಂದೆ ಓಡುತ್ತದೆ, ಕಾಗದ ಗಾಳಿಯನ್ನು ತಳ್ಳುತ್ತದೆ. ಇಷ್ಟೇ. ಇಂದಿನ ಲಕ್ಷಾಂತರ ರೂಪಾಯಿಯ ಸ್ಪೀಕರುಗಳಲ್ಲೂ ಬಹುಪಾಲು ಇದೇ ಉಪಾಯ ನಡೆಯುತ್ತಿದೆ. ಅಯಸ್ಕಾಂತ ಬಲವಾಯಿತು, ಕಾಗದದ ಜಾಗಕ್ಕೆ ಪ್ಲಾಸ್ಟಿಕ್ಕು, ಲೋಹ ಬಂದವು, ಪೆಟ್ಟಿಗೆಯ ಲೆಕ್ಕ ಪಕ್ಕಾ ಆಯಿತು. ‘ಹೊಸದು’ ಎಂದು ಜಾಹೀರಾತು ಸಾರುವುದೆಲ್ಲ ಈ ಹಳೆಯ ದೇವರಿಗೆ ತೊಡಿಸಿದ ಹೊಸ ಅಲಂಕಾರ ಎಂದರೆ ತಪ್ಪಾಗದು.

ಕನ್ನಡ ನಾಡಿನಲ್ಲಿ ನಿಜದನಿಯ ಹಿಂದೆ ಬಿದ್ದವರ ಚರಿತ್ರೆ ಬರೆಯಹೊರಟರೆ ಮೊದಲ ಹೆಸರು ಒಬ್ಬ ಅರಸರದು. 1919ರಲ್ಲಿ ಹುಟ್ಟಿ 1940ರಲ್ಲಿ ಪಟ್ಟವೇರಿದ ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಪಾಶ್ಚಾತ್ಯ ಸಂಗೀತದಲ್ಲೂ ಅವರ ಕಿವಿ ಅಷ್ಟೇ ಪಳಗಿತ್ತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಸ್ಥಾಪಕ, ಧ್ವನಿಮುದ್ರಣ ಕ್ಷೇತ್ರದ ಘಟಾನುಘಟಿ ವಾಲ್ಟರ್ ಲೆಗ್ ಅವರು ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದಾಗ ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅರಮನೆಯೊಂದರಲ್ಲಿ ಲೆಗ್ ಕಂಡದ್ದು ಬೃಹತ್ತಾದ ರೆಕಾರ್ಡ್ ಭಂಡಾರ, ಹಲವು ದೊಡ್ಡ ಪಿಯಾನೋಗಳು, ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳ ಸಾಲು. ಈ ಬೆರಗನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಒಂದೇ ಸ್ಪೀಕರ್ ಸಾಲದೆಂದು ಹಲವನ್ನು ತರಿಸಿಟ್ಟುಕೊಳ್ಳುವುದು ಹೈ-ಫೈ ಹುಚ್ಚಿನ ಮೊದಲ ಲಕ್ಷಣ. ಅಂತೂ ಬರಿಗೈಯಲ್ಲಿ ಬಂದ ಲೆಗ್ ವರ್ಷಕ್ಕೆ 10 ಸಾವಿರ ಪೌಂಡಿನಂತೆ ಮೂರು ವರ್ಷಗಳ ನೆರವಿನ ಭರವಸೆಯೊಂದಿಗೆ ಹಿಂದಿರುಗಿದರು.

ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆದದ್ದೂ ಒಡೆಯರ ಹಣದಿಂದಲೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ ಒಡೆಯರು 4,800 ಡಾಲರುಗಳ ಜಾಮೀನು ನಿಂತಿದ್ದರು. ಸುಮಾರು 20 ಸಾವಿರ ರೆಕಾರ್ಡುಗಳಿದ್ದ ತಮ್ಮ ಭಂಡಾರಕ್ಕೆ ಅದರ ಧ್ವನಿಮುದ್ರಣ ಸಮುದ್ರ ದಾಟಿ ಬರಲಿ ಎಂಬುದು ಅವರ ಆಸೆ. ಲಂಡನ್ನಿನ ಸಭಾಂಗಣವನ್ನು ಮೈಸೂರಿನ ಕೋಣೆಯೊಳಗೆ ತಂದಿಳಿಸುವ ಭಾರ ಹೊರಬೇಕಾದದ್ದು ಆ ಸಾಲು ಸ್ಪೀಕರುಗಳೇ. ಅವು ಸುಳ್ಳಾಡಿದರೆ ಹಣ, ಹಡಗು, ಗಾಯಕಿ ಎಲ್ಲವೂ ವ್ಯರ್ಥ. ಒಳ್ಳೆಯ ಸ್ಪೀಕರಿಗಾಗಿ ಕಾಯುವವರನ್ನು ಬರೀ ಶೋಕಿಲಾಲರೆಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಬೇಕು.

ಅರಸರಲ್ಲದವರ ಕಾತರಕ್ಕೂ ಆ ದಶಕ ಸಾಕ್ಷಿ. ವಾರ್ಫ್‌ಡೇಲ್ ಸ್ಪೀಕರುಗಳ ತಯಾರಕ ಗಿಲ್ಬರ್ಟ್ ಬ್ರಿಗ್ಸ್ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಹಿಡಿದು, ವೇದಿಕೆಯ ಮೇಲೆ ವಾದಕರನ್ನೂ ಸ್ಪೀಕರುಗಳನ್ನೂ ಒಟ್ಟಿಗೆ ಇಟ್ಟು, ಜೀವಂತ ಸಂಗೀತಕ್ಕೂ ರೆಕಾರ್ಡಿಗೂ ಇರುವ ವ್ಯತ್ಯಾಸವನ್ನು ನೀವೇ ಹೇಳಿ ಎಂದು ಸವಾಲು ಹಾಕಿದ. ಪೆಟ್ಟಿಗೆಗಳ ಹಾಡು ಕೇಳಲು ಜನ ಟಿಕೆಟ್ ಕೊಂಡು ಸಭಾಂಗಣ ತುಂಬಿದರು! ಅದೇ ವರ್ಷ ಅಮೆರಿಕದ ಎಡ್ಗರ್ ವಿಲ್‌ಚರ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡ. ಅದುವರೆಗೆ ಗಂಭೀರ ಮಂದ್ರಸ್ವರ ಬೇಕಾದರೆ ಬಟ್ಟೆಯ ಅಲ್ಮೆರಾದಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಈಗ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟರಲ್ಲೇ ಅದು ಸಿಕ್ಕಿತು. 1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಶಂಕು, ಪೆಟ್ಟಿಗೆ ಎರಡೂ ಇಲ್ಲದ, ತೆಳುವಾದ ಹಾಳೆಯನ್ನು ಸ್ಥಿರವಿದ್ಯುತ್ತಿನಿಂದ ಅಲುಗಿಸುವ ‘ಕ್ವಾಡ್’ ಸ್ಪೀಕರನ್ನು ಮಾರುಕಟ್ಟೆಗೆ ತಂದ. ನಿಜದನಿಯ ಮಾತು ಬಂದಾಗ ರಸಿಕರು ಇಂದಿಗೂ ಅದರ ಹೆಸರೆತ್ತುತ್ತಾರೆ.

ಭಾರತದ ರಸಿಕನಿಗೆ ಇವೆಲ್ಲ ಪತ್ರಿಕೆಯ ಚಿತ್ರಗಳಾಗಿಯೇ ಉಳಿದವು. ವಿದೇಶಿ ವಿನಿಮಯದ ಮುಗ್ಗಟ್ಟಿನಿಂದ 1957ರ ನಂತರ ಆಮದಿನ ಬಾಗಿಲು ಬಿಗಿಯಾಯಿತು. ಪರದೇಶದಿಂದ ಬರುವ ನೆಂಟರು ಹೊತ್ತು ತಂದರೆ ಉಂಟು, ಇಲ್ಲವಾದರೆ ಪ್ಲೈವುಡ್ ಕೊಯ್ದು ಸ್ವಂತ ಕೈಯಿಂದ ಪೆಟ್ಟಿಗೆ ಮಾಡಿಕೊಳ್ಳಬೇಕು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಬಿಡಿಭಾಗಗಳ ಅಂಗಡಿಗಳು ಇಂಥವರ ಯಾತ್ರಾಸ್ಥಳ. 1970ರಲ್ಲಿ ಕಲ್ಕತ್ತೆಯಲ್ಲಿ ಸೋನೋಡೈನ್ ಶುರುವಾದ ಮೇಲೆ ಸ್ವದೇಶಿ ಹೈ-ಫೈ ಎಂಬುದೊಂದು ಉಂಟೆಂದಾಯಿತು. 1991ರ ಉದಾರೀಕರಣದ ನಂತರ ಬಾಗಿಲು ತೆರೆಯಿತು. ಅಲ್ಲಿಂದ ಕಾಯುವುದು ಪರವಾನಗಿಗಾಗಿ ಅಲ್ಲ, ಹಣಕ್ಕಾಗಿ.

ಇತ್ತ ಹಳ್ಳಿಗಳ ಕತೆ ಬೇರೆಯೇ ದಾರಿ ಹಿಡಿದಿತ್ತು. ಅಲ್ಲಿಗೆ ಧ್ವನಿವರ್ಧಕ ಬಂದದ್ದು ಸಂಗೀತದ ಬೆನ್ನೇರಿ ಅಲ್ಲ, ಸಭೆಗಳ ಬೆನ್ನೇರಿ. ಸಿಂಧ್‌ನ ಮೋಟವಾನೆ ಮನೆತನದ ‘ಚಿಕಾಗೊ ರೇಡಿಯೊ’ ಕಂಪನಿ ಕಾಂಗ್ರೆಸ್ಸಿನ ಸಭೆಗಳಿಗೆ ಧ್ವನಿವರ್ಧಕ ಒದಗಿಸುವುದನ್ನು ವ್ರತದಂತೆ ನಡೆಸಿತು. ಹಳೆಯ ಚಿತ್ರಗಳಲ್ಲಿ ಗಾಂಧೀಜಿ, ನೆಹರೂ ಅವರ ಮುಂದಿನ ಮೈಕಿನ ಮೇಲೆ ಆ ಹೆಸರು ಕಾಣುತ್ತದೆ. 1942ರಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೊದ ಮೊಕದ್ದಮೆಯಲ್ಲಿ ನಾನಿಕ್ ಮೋಟವಾನೆಯವರೂ ಆರೋಪಿಯಾಗಿದ್ದರು, ಬಳಿಕ ಖುಲಾಸೆಯಾದರು. ಸ್ಪೀಕರ್ ವ್ಯಾಪಾರಿ ಜೈಲಿಗೆ ಹೋಗುವಷ್ಟು ಆ ವಸ್ತುವಿಗೆ ಆಗ ಬೆಲೆಯಿತ್ತು.

ಕಲಬುರಗಿ ಸೀಮೆ ಆಗ ನಿಜಾಮರ ಆಡಳಿತದಲ್ಲಿತ್ತು. 1948ರ ನಂತರವೇ ಅಲ್ಲಿ ಬಯಲಿನ ರಾಜಕೀಯ ಸಭೆಗಳು ನಿರ್ಭಯವಾಗಿ ನಡೆದದ್ದು. 1950ರಲ್ಲಿ ಧಾರವಾಡ, 1966ರಲ್ಲಿ ಅಂದಿನ ಗುಲ್ಬರ್ಗ ಆಕಾಶವಾಣಿ ಕೇಂದ್ರಗಳು ಬಂದವು. ಪಂಚಾಯಿತಿ ಕಟ್ಟೆಯ ರೇಡಿಯೊ ಮುಂದೆ ಊರು ಕೂತು ಕೇಳುವ ಕಾಲ ಅದು. ಆದರೂ ಹಳ್ಳಿಯ ನಿಜವಾದ ಧ್ವನಿವರ್ಧಕವೆಂದರೆ ಬೇವಿನ ಮರಕ್ಕೋ ಗುಡಿಯ ಶಿಖರಕ್ಕೋ ಕಟ್ಟಿದ ತಗಡಿನ ಹಾರ್ನು.

ಹಾರ್ನೇ ಏಕೆ ಎಂಬುದಕ್ಕೆ ಒಳ್ಳೆಯ ಕಾರಣವಿದೆ. ಮನೆಯ ಸ್ಪೀಕರ್ ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ ಒಂದೆರಡು ಪಾಲನ್ನಷ್ಟೇ ಸದ್ದಾಗಿಸುತ್ತದೆ, ಮಿಕ್ಕದ್ದೆಲ್ಲ ಶಾಖ. ಹಾರ್ನು ಹತ್ತು, ಇಪ್ಪತ್ತು ಪಾಲನ್ನು ಸದ್ದಾಗಿಸಬಲ್ಲದು. ಹಾಗಾಗಿ ವಿದ್ಯುತ್ತೇ ಇಲ್ಲದ ಊರಿನಲ್ಲಿ 12 ವೋಲ್ಟಿನ ಬ್ಯಾಟರಿ, ಸಣ್ಣ ಆಂಪ್ಲಿಫೈಯರ್, ಎರಡು ಹಾರ್ನು ಇದ್ದರೆ ಹೊಲದಲ್ಲಿದ್ದವರಿಗೂ ಮದುವೆಯ ಸುದ್ದಿ ಮುಟ್ಟುತ್ತಿತ್ತು. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಕೆಳಗಿನ ಸ್ವರಗಳು ಹೊರಬರಬೇಕಾದರೆ ಹಾರ್ನಿನ ಬಾಯಿ ಬಾಗಿಲಿನಷ್ಟು ಅಗಲ ಬೇಕು. ಮರಕ್ಕೆ ಕಟ್ಟುವ ಹಾರ್ನಿನಲ್ಲಿ ತಬಲಾದ ಎಡಗೈ, ಡಪ್ಪಿನ ಗುಡುಗು ಮಾಯವಾಗಿ, ದನಿಯ ಮೂಗಿನ ಭಾಗವಷ್ಟೇ ಊರ ಮೇಲೆ ತೇಲಿತು. ಭಜನೆ, ತತ್ವಪದ, ಸಿನಿಮಾ ಹಾಡು ಎಲ್ಲವನ್ನೂ ಎರಡು ತಲೆಮಾರು ಹೀಗೆಯೇ ಕೇಳಿತು; ಕೇಳಿ ಕೇಳಿ ಆ ತಗಡಿನ ದನಿಯನ್ನೇ ಪ್ರೀತಿಸಿತು. ಕಂಪನಿ ನಾಟಕಗಳ ನಟರಿಗೂ ಇದರ ಬಿಸಿ ತಟ್ಟಿತು. ಕೊನೆಯ ಸಾಲಿಗೆ ಮುಟ್ಟುವಂತೆ ಏರು ಶ್ರುತಿಯಲ್ಲಿ ಹಾಡಬಲ್ಲವನೇ ದೊಡ್ಡ ನಟ ಎಂಬ ಲೆಕ್ಕ ಮೈಕು ಬಂದ ಮೇಲೆ ಉಳಿಯಲಿಲ್ಲ.

ಕಳೆದುಹೋದ ಆ ಕೆಳಸ್ವರವೇ ಈಗ ಬಡ್ಡಿಸಮೇತ ಮರಳಿದೆ. ಹದಿನೆಂಟು ಇಂಚಿನ ಬಾಸ್ ಬಾಕ್ಸುಗಳನ್ನು ಲಾರಿಯ ಮೇಲೆ ಗೋಡೆಯಂತೆ ಪೇರಿಸುವ ಪದ್ಧತಿ ಗಡಿಯ ಎರಡೂ ಬದಿಗೆ ಬೆಳೆದಿದೆ. ಫ್ರಾನ್ಸಿನ ಕ್ರಿಸ್ಟಿಯನ್ ಹೈಲ್ 1990ರ ದಶಕದ ಆರಂಭದಲ್ಲಿ ರೂಪಿಸಿದ, ಪೆಟ್ಟಿಗೆಗಳನ್ನು ಸರಪಳಿಯಂತೆ ತೂಗುಹಾಕುವ ‘ಲೈನ್ ಅರೇ’ಯ ಅಗ್ಗದ ನಕಲುಗಳೂ ಜಾತ್ರೆಗೆ ಇಳಿದಿವೆ. ಮರಾಠಿ ಭಾಗದಲ್ಲಿ ಈ ಅಬ್ಬರದ ಸೆಟ್ಟಿಗೆ ‘ಡಾಲ್ಬಿ’ ಎಂಬ ಹೆಸರು ಬಿದ್ದಿದೆ, ನಮ್ಮ ಗಡಿಯಲ್ಲೂ ಅದು ಓಡಾಡುತ್ತದೆ. ರೇ ಡಾಲ್ಬಿ ಎಂಬ ಅಮೆರಿಕನ್ ಎಂಜಿನಿಯರ್ 1960ರ ದಶಕದಲ್ಲಿ ಯುನೆಸ್ಕೋ ಸಲಹೆಗಾರನಾಗಿ ಚಂಡೀಗಢದಲ್ಲಿದ್ದವನು. 1965ರಲ್ಲಿ ಲಂಡನ್ನಿಗೆ ಮರಳಿ ತನ್ನ ಪ್ರಯೋಗಾಲಯ ತೆರೆದ. ಅವನು ಮಾಡಿದ ಮೊದಲ ಉಪಕರಣದ ಕೆಲಸವೇನು ಗೊತ್ತೇ? ಟೇಪಿನ ‘ಸ್ಸ್’ ಎಂಬ ಗದ್ದಲವನ್ನು ಅಡಗಿಸುವುದು! ಗದ್ದಲ ಕಡಿಮೆ ಮಾಡಿದವನ ಹೆಸರು ಗದ್ದಲಕ್ಕೇ ಅಂಟಿಕೊಂಡಿತು.

ಹೊಸ ಸೆಟ್ಟಿಗಾಗಿ ಸಾಲ ಮಾಡುವ ಸೌಂಡ್ ಅಂಗಡಿಯವರು ಎದುರಿಸಲೇಬೇಕಾದ ಒಂದು ಗಣಿತವಿದೆ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ಅಲ್ಪ ವ್ಯತ್ಯಾಸ. ಸದ್ದು ಎರಡರಷ್ಟಾಯಿತು ಎಂದು ಕೇಳುಗನಿಗೆ ಅನ್ನಿಸಬೇಕಾದರೆ ಸುಮಾರು ಹತ್ತುಪಟ್ಟು ವ್ಯಾಟ್ ಬೇಕು. ಪಕ್ಕದೂರಿನ ಸೆಟ್ಟನ್ನು ಮೀರಿಸುವ ಪಂದ್ಯಕ್ಕೆ ಕೊನೆಯೇ ಇಲ್ಲದಿರುವುದು ಇದರಿಂದ. ಕಾನೂನಿನ ಲೆಕ್ಕ ಇನ್ನೂ ಬಿಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧ. ಹಬ್ಬ ಉತ್ಸವಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ, ಒಲ್ಲದ ಸದ್ದನ್ನು ಇನ್ನೊಬ್ಬರ ಕಿವಿಗೆ ಬಲವಂತವಾಗಿ ತುಂಬುವ ಹಕ್ಕು ಯಾರಿಗೂ ಇಲ್ಲ ಎಂಬ ನಿಲುವು ತಳೆಯಿತು. ಬಾಸ್ ಬಾಕ್ಸುಗಳ ಗೋಡೆಯೆದುರು ಕುಣಿಯುವವನ ಕಿವಿಗೆ ಬೀಳುವುದು ನೂರು ಡೆಸಿಬೆಲ್ಲಿಗೂ ಹೆಚ್ಚು. ಆ ಮಟ್ಟದಲ್ಲಿ ಒಳಗಿವಿಯ ಸೂಕ್ಷ್ಮ ಕೂದಲಕೋಶಗಳಿಗೆ ಆಗುವ ಹಾನಿ ವಾಸಿಯಾಗುವಂಥದ್ದಲ್ಲ, ಮೊದಲು ಹೋಗುವುದು ಮೇಲಿನ ಸ್ವರಗಳು. ಇಡೀ ಹಂಗಾಮು ಆ ಸೆಟ್ಟಿನ ಪಕ್ಕದಲ್ಲೇ ನಿಂತು ದುಡಿಯುವ ಆಪರೇಟರ್ ಹುಡುಗ ಮುಂದಿನ ವರ್ಷದ ಹೊಸ ಸ್ಪೀಕರನ್ನು ಕೇಳುವುದು ಹಾಗೆ ಸವೆದ ಕಿವಿಯಿಂದಲೇ.