ಸಂದರ್ಶನದಲ್ಲಿ ಕೇಳಬೇಕಾದದ್ದು, ಕೇಳಬಾರದದ್ದು

1950ರಲ್ಲಿ ರಾಯದುರ್ಗ ತಾಲ್ಲೂಕಿನಲ್ಲಿ ಜನಿಸಿದವರು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟವು; ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. 1956ರಲ್ಲಿ ರಾಜ್ಯವು ಆಂಧ್ರಪ್ರದೇಶವಾಯಿತು. ಅತ್ತ ಮಡಕಶಿರಾ 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಮನೆಯ ಹೊಸ್ತಿಲು ದಾಟದವರ ವಿಳಾಸವೂ ಹೀಗೆ ಬದಲಾಗುತ್ತ ಬಂದಿದೆ. ಆದುದರಿಂದ ಭೈರವಾನಿತಿಪ್ಪದಂತಹ ಊರಿನಿಂದ ಉದ್ಯೋಗ ಅರಸಿ ಹೋದ ಕನ್ನಡಿಗನಿಗೆ "ನೀವು ಯಾವ ರಾಜ್ಯದವರು?" ಎಂಬ ಪ್ರಶ್ನೆ ಕೇವಲ ಕುಶಲೋಪರಿಯಾಗಿ ಕೇಳಿಸುವುದಿಲ್ಲ.

ಸಂವಿಧಾನದ 16(2)ನೆಯ ವಿಧಿಯು ಸರಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ನಿವಾಸ ಇವುಗಳ ಕಾರಣದಿಂದಲೇ ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಈ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಕೇಂದ್ರ ಸರಕಾರವು 1956ರಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಪ್ರಕಟಿಸಿದ ಜ್ಞಾಪನಪತ್ರ. ರಾಜ್ಯಭಾಷೆಯ ಪರೀಕ್ಷೆಯನ್ನು ಆಯ್ಕೆಯ ನಂತರ, ಪರೀಕ್ಷಾರ್ಥ ಅವಧಿ ಮುಗಿಯುವುದರೊಳಗೆ ನಡೆಸಬಹುದೆಂಬ ದಾರಿಯನ್ನು ಅದು ತೋರಿತು. ಭಾಷೆಯನ್ನು ಕಲಿಯಲು ಕಾಲಾವಕಾಶ ಕೊಡಬೇಕು, ಬಾಗಿಲಲ್ಲಿಯೇ ತಡೆಯಬಾರದು ಎಂಬುದು ಇದರ ತಾತ್ಪರ್ಯ.

ಸಂದರ್ಶನದ ಪ್ರಶ್ನೆಗಳೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಸಂದರ್ಭಗಳುಂಟು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶವನ್ನು ಕುರಿತ ಅಜಯ್ ಹಾಸಿಯಾ ಪ್ರಕರಣದಲ್ಲಿ, ತಮ್ಮನ್ನು ಎರಡು ಮೂರು ನಿಮಿಷ ಮಾತ್ರ ಮಾತನಾಡಿಸಿ, ತಂದೆತಾಯಿ ಮತ್ತು ವಾಸಸ್ಥಳವನ್ನು ಕುರಿತೇ ಕೇಳಿದರೆಂಬುದು ವಿದ್ಯಾರ್ಥಿಗಳ ದೂರು. ಮೌಖಿಕ ಪರೀಕ್ಷೆಗೆ ಒಟ್ಟು ಅಂಕಗಳ ಮೂರನೆಯ ಒಂದು ಪಾಲನ್ನು ಇಟ್ಟದ್ದು ಸ್ವೇಚ್ಛಾಚಾರವೆಂದ ನ್ಯಾಯಾಲಯವು, ಅದು ಶೇಕಡಾ 15ನ್ನು ಮೀರಬಾರದೆಂದಿತು. 1991ರ ನೀರಾ ಮಾಥುರ್ ಪ್ರಕರಣವಂತೂ ಹೆಣ್ಣುಮಕ್ಕಳಿಗೆಲ್ಲ ಸಂಬಂಧಿಸಿದ್ದು. ಜೀವ ವಿಮಾ ನಿಗಮದ ನೇಮಕಾತಿ ನಮೂನೆಯು ಋತುಚಕ್ರ ಮತ್ತು ಗರ್ಭಧಾರಣೆಯ ವಿವರಗಳನ್ನು ಕೇಳುತ್ತಿತ್ತು. ಆ ಅಂಕಣಗಳನ್ನು ತೆಗೆದುಹಾಕುವಂತೆ ನ್ಯಾಯಾಲಯವು ಸೂಚಿಸಿತು.

ಹಾಗಾದರೆ ಜಾತಿಯನ್ನೂ ನಿವಾಸವನ್ನೂ ಎಲ್ಲಿಯೂ ಕೇಳಲೇಬಾರದೇ? ಮೀಸಲಾತಿಗೆ ಜಾತಿಯ ಪ್ರಮಾಣಪತ್ರ ಬೇಕು. ಆಂಧ್ರಪ್ರದೇಶದಲ್ಲಿ 371ಡಿ ವಿಧಿಯಡಿ ಹೊರಟ 1975ರ ರಾಷ್ಟ್ರಪತಿಗಳ ಆದೇಶದಂತೆ 'ಸ್ಥಳೀಯ ಅಭ್ಯರ್ಥಿ' ಯಾರೆಂಬುದು ವ್ಯಾಸಂಗ ಮತ್ತು ನಿವಾಸದ ದಾಖಲೆಗಳಿಂದ ನಿರ್ಧಾರವಾಗುತ್ತದೆ. ಈ ಪರಿಶೀಲನೆ ಕಚೇರಿಯ ಕಡತದಲ್ಲಿ ನಡೆಯತಕ್ಕದ್ದು. ಅದೇ ಸಂಗತಿಯನ್ನು ಸಂದರ್ಶಕರು ಎದುರು ಕುಳಿತು ವಿಚಾರಿಸಿದರೆ, ಉತ್ತರವು ಅಂಕವಾಗಿ ಮಾರ್ಪಡುವ ಅಪಾಯವಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕು. 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರಿಗೆ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಗಡಿನಾಡಿನ ಕನ್ನಡ ಶಾಲೆಯ ಆಡಳಿತ ಮಂಡಳಿಯವರು ಆ ಬಲದಿಂದ ಶಿಕ್ಷಕರನ್ನು ಆರಿಸುವಾಗ "ನಿಮ್ಮ ಮನೆಮಾತು ಯಾವುದು?" ಎಂದು ಕೇಳಿದರೆ, ನಾವು ಯಾವುದರ ವಿರುದ್ಧ ದೂರುತ್ತೇವೆಯೋ ಅದನ್ನೇ ಮಾಡಿದಂತಾಗುತ್ತದೆ. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಆಡುತ್ತ ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಸೀಮೆಯಲ್ಲಿದ್ದಾರೆ. ಮಗುವಿಗೆ ಬೇಕಾದದ್ದು ಕನ್ನಡದಲ್ಲಿ ಚೆನ್ನಾಗಿ ಕಲಿಸಬಲ್ಲ ಗುರು. ಆ ಗುರುವಿನ ಅಡುಗೆಮನೆಯ ಮಾತು ಯಾವುದೆಂಬುದು ಶಾಲೆಗೆ ಸಂಬಂಧಿಸಿದ್ದಲ್ಲ.

ಕೇಳಬೇಕಾದ ಪ್ರಶ್ನೆಗಳಿಗೆ ಬರವಿಲ್ಲ. ಮನೆಮಾತಿನ ಬದಲು, ಐದನೆಯ ತರಗತಿಯ ಒಂದು ಪಾಠವನ್ನು ಕನ್ನಡದಲ್ಲಿ ಬೋಧಿಸಿ ತೋರಿಸಲು ಹೇಳಿರಿ. ಯಾವ ರಾಜ್ಯದವರೆಂದು ವಿಚಾರಿಸುವ ಬದಲು, ಇಲಾಖೆಯ ತೆಲುಗು ಸುತ್ತೋಲೆಯೊಂದನ್ನು ಓದಿ ಅರ್ಥ ಹೇಳಬಲ್ಲರೇ ಎಂದು ನೋಡಿರಿ; ಬಾರದಿದ್ದರೆ ಕಲಿಯಲು ಅವಧಿ ಕೊಡಿರಿ. ಮದುವೆ, ಮಕ್ಕಳನ್ನು ಕುರಿತು ಕೇಳದೆ, ಶಾಲೆಯ ವೇಳೆಯನ್ನು ತಿಳಿಸಿ ಅದಕ್ಕೆ ಒಪ್ಪಿಗೆಯೇ ಎಂದು ಸ್ತ್ರೀಪುರುಷರೆಲ್ಲರನ್ನೂ ಕೇಳಿರಿ. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಪ್ರತಿಯೊಬ್ಬರಿಗೂ ಅವನ್ನೇ ಕೇಳುವುದು ಸರಳವಾದ ನಿಯಮ. ಸರಕಾರದಿಂದ ನಾವು ಬೇಡುವ ನ್ಯಾಯವು ನಮ್ಮ ಶಾಲೆಯ ಸಂದರ್ಶನದ ಕೊಠಡಿಯಲ್ಲಿಯೂ ಇರಲಿ.