ಹೃದಯದ ಫೈಬ್ರೋಸಿಸ್
ಹೃದಯದ ಸ್ನಾಯುವಿನಲ್ಲಿ ಕೊಲ್ಯಾಜೆನ್ ನಾರು ಅಳತೆ ಮೀರಿ ಶೇಖರವಾಗಿ ಅಂಗಾಂಶ ಬಿರುಸಾಗುವ ಸ್ಥಿತಿ. ಹೃದಯಾಘಾತದಲ್ಲಿ ಸತ್ತ ಸ್ನಾಯುಕೋಶಗಳ ಜಾಗವನ್ನು ಗಾಯದ ಕಲೆಯೇ ತುಂಬುತ್ತದೆ. ಅದು ಕಟ್ಟದಿದ್ದರೆ ಹೃದಯದ ಗೋಡೆ ಒಡೆದೀತು. ಹಾಗಾಗಿ ಇದನ್ನು ಬರೀ ಕೇಡೆಂದು ಎಣಿಸುವುದು ಸರಿಯಲ್ಲ.

ಗಾಯಗೊಂಡ ಭಾಗದಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನು ನಾರು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆಗ ಸ್ಮ್ಯಾಡ್-2, ಸ್ಮ್ಯಾಡ್-3 ಪ್ರೋಟೀನುಗಳು ಕೋಶಕೇಂದ್ರವನ್ನು ಹೊಕ್ಕು 1 ಮತ್ತು 3ನೇ ಬಗೆಯ ಕೊಲ್ಯಾಜೆನ್ ಜೀನ್‌ಗಳನ್ನು ಚುರುಕುಗೊಳಿಸುತ್ತವೆ. ಸ್ಮ್ಯಾಡ್-7 ಇದಕ್ಕೆ ಕಡಿವಾಣ. ಆರೋಗ್ಯವಂತ ಹೃದಯದಲ್ಲಿ ಕೊಲ್ಯಾಜೆನ್ ಸಂದೇಶಗಳನ್ನು ಮೈಕ್ರೋಆರ್‌ಎನ್‌ಎ-29 ಎಂಬ ಪುಟ್ಟ ಆರ್‌ಎನ್‌ಎ ತುಣುಕು ಅದುಮಿಡುತ್ತದೆ. ಹೃದಯಾಘಾತದ ನಂತರ ಅದರ ಪ್ರಮಾಣ ಕುಸಿದು ನಾರು ಬೆಳೆಯುತ್ತದೆಂದು 2008ರಲ್ಲಿ ವರದಿಯಾಯಿತು. ಮೂತ್ರಪಿಂಡದ ಮೂಲಕ ರಕ್ತದೊತ್ತಡವನ್ನು ಆಳುವ ಆಂಜಿಯೋಟೆನ್ಸಿನ್-2, ಆಲ್ಡೋಸ್ಟೆರೋನ್ ಹಾರ್ಮೋನುಗಳು ಕೂಡ ಈ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತವೆ. ಆಲ್ಡೋಸ್ಟೆರೋನ್‌ನ ಕೆಲಸವನ್ನು ತಡೆಯುವ ಸ್ಪೈರೋನೊಲ್ಯಾಕ್ಟೋನ್‌ನಂಥ ಮಾತ್ರೆಗಳು ಹೃದಯವೈಫಲ್ಯದಲ್ಲಿ ಬಳಕೆಯಲ್ಲಿವೆ.