ನೆಲದೊಳಗಿನ ಪೆಟ್ರೋಲ್‌ನ ಜಾಡು

ಕುಡಿಯುವ ನೀರಿಗೆ ಪೆಟ್ರೋಲ್ ವಾಸನೆ ಬಂದ ಮೇಲಷ್ಟೇ ಸೋರಿಕೆ ಬೆಳಕಿಗೆ ಬರುತ್ತಿದ್ದ ಕಾಲವಿತ್ತು. ಅಮೆರಿಕದ ಬಂಕುಗಳಲ್ಲಿ ದಶಕಗಳ ಹಿಂದೆ ಹೂತಿಟ್ಟ ಟ್ಯಾಂಕುಗಳಲ್ಲಿ ಬಹುಪಾಲು ಲೇಪನವಿಲ್ಲದ ಉಕ್ಕಿನವು. ಅವು ತುಕ್ಕು ಹಿಡಿದು, ಮಾಲೀಕರಿಗೂ ಗೊತ್ತಾಗದಂತೆ ತೂತಾದವು. 1983ರಲ್ಲಿ ‘60 ಮಿನಿಟ್ಸ್’ ಎಂಬ ಟಿವಿ ಕಾರ್ಯಕ್ರಮ ಇಂಥ ಸೋರಿಕೆಯಿಂದ ನೊಂದ ಕುಟುಂಬಗಳನ್ನು ದೇಶಕ್ಕೆ ತೋರಿಸಿತು. ಮರುವರ್ಷವೇ ಕಾನೂನು ಬಂತು. 1988ರ ನಿಯಮಗಳು ಹಳೆಯ ಟ್ಯಾಂಕುಗಳನ್ನು ಸುಧಾರಿಸಲು, ಬದಲಿಸಲು ಇಲ್ಲವೇ ಮುಚ್ಚಲು 1998ರ ಡಿಸೆಂಬರ್‌ವರೆಗೆ ಗಡುವು ಕೊಟ್ಟವು. ಆ ದೇಶದಲ್ಲಿ ಈವರೆಗೆ ದೃಢಪಟ್ಟ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು. ಒಂದು ನಿವೇಶನದ ಮಣ್ಣನ್ನೂ ಅಂತರ್ಜಲವನ್ನೂ ಶೋಧಿಸುವ ವಿದ್ಯೆ ಈ ಒತ್ತಡದಲ್ಲೇ ಬೆಳೆಯಿತು. ಅದರ ಒಂದೊಂದು ಹೆಜ್ಜೆಯೂ ಹಿಂದಿನದರ ತಪ್ಪನ್ನು ತಿದ್ದುತ್ತಾ ಬಂದಿದೆ.

ಮೂಗನ್ನು ನಂಬಿ ಕೂರುವಂತಿಲ್ಲ ಎಂಬುದು ಮೊದಲ ಪಾಠ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ 5 ಮೈಕ್ರೋಗ್ರಾಂ ಮೀರಬಾರದೆಂಬುದು ಅಮೆರಿಕದ ಮಿತಿ; ಅಷ್ಟು ಕಡಿಮೆ ಬೆಂಜೀನ್ ಮೂಗಿಗೆ ತಿಳಿಯದು. ನೂರಕ್ಕೆ ಒಂದು ಪಾಲು ಬೆಂಜೀನ್ ಇರುವ ಪೆಟ್ರೋಲ್ ಒಂದು ಲೀಟರ್ ಸೋರಿದರೆ ಸುಮಾರು 15 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲಷ್ಟು ಬೆಂಜೀನ್ ಅದರಲ್ಲಿರುತ್ತದೆ.

ಹಾಗಾಗಿ ನೆಲ ಕೊರೆದು ಮಣ್ಣಿನ ಮಾದರಿ ತೆಗೆಯುವುದು, ವೀಕ್ಷಣಾ ಬಾವಿ ಇಳಿಸುವುದು ರೂಢಿಗೆ ಬಂತು. ಪೆಟ್ರೋಲ್ ನೀರಿಗಿಂತ ಹಗುರ, ಇಳಿದಿಳಿದು ಅಂತರ್ಜಲದ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ಅದು ಕಾವಲಿಯ ಮೇಲಿನ ದೋಸೆಯಂತೆ ಹರಡಿಕೊಂಡಿರುತ್ತದೆ ಎಂದೇ ಆಗಿನವರ ಎಣಿಕೆ. ಬಾವಿಯಲ್ಲಿ ಒಂದಡಿ ತೇಲಿದರೆ ಸುತ್ತಲಿನ ನೆಲದಲ್ಲೂ ಒಂದಡಿ ಎಂದು ಲೆಕ್ಕ ಹಾಕಿದವರಿದ್ದರು. ನಿಜದಲ್ಲಿ ಮಣ್ಣಿನ ರಂಧ್ರಗಳನ್ನು ಪೆಟ್ರೋಲ್, ನೀರು, ಗಾಳಿ ಹಂಚಿಕೊಂಡಿರುತ್ತವೆ. ಬಾವಿಯಲ್ಲಿ ಕಾಣುವ ದಪ್ಪ ನೆಲದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು ಎಂಬುದನ್ನು 1990ರ ಸುಮಾರಿನ ಅಧ್ಯಯನಗಳು ತೋರಿಸಿದವು. ನೀರಿನ ಮಟ್ಟ ಏರಿಳಿದಂತೆ ಪೆಟ್ರೋಲ್ ಮೇಲಕ್ಕೂ ಕೆಳಕ್ಕೂ ಬಳಿದುಕೊಳ್ಳುತ್ತದೆ. ನೀರು ಏರಿದಾಗ ಅದರಡಿ ಸಿಕ್ಕಿಬಿದ್ದದ್ದು ಬಾವಿಯ ಕಣ್ಣಿಗೆ ಬೀಳದು.

ಉಪಕರಣಗಳೂ ಬದಲಾದವು. ದೊಡ್ಡ ಕೊರೆಯುವ ಯಂತ್ರದ ಜಾಗದಲ್ಲಿ ತೆಳು ಸರಳನ್ನು ನೆಲಕ್ಕೆ ಒತ್ತುವ ವಿಧಾನ ಬಂತು. ಸರಳಿನ ತುದಿಯಿಂದ ಲೇಸರ್ ಬೆಳಕು ಹಾಯಿಸಿ, ಎಣ್ಣೆಯಂಶ ಆ ಬೆಳಕಿಗೆ ಪ್ರತಿದೀಪಿಸುವುದನ್ನು, ಅಂದರೆ ಮರುಹೊಳೆಯುವುದನ್ನು, ಅಲ್ಲೇ ಓದುವಂತಾಯಿತು. ಕೆಲವೇ ಬಾವಿಗಳ ನಡುವೆ ಊಹೆಯ ಗೆರೆ ಎಳೆಯುತ್ತಿದ್ದ ಕಡೆ ನೆಲದ ಪದರಪದರದ ಚಿತ್ರ ಸಿಗತೊಡಗಿತು.

ಅತಿ ದೊಡ್ಡ ತಿರುವು ಸೂಕ್ಷ್ಮಜೀವಿಗಳಿಂದ ಬಂತು. ಕೆನಡಾದ ಬೋರ್ಡನ್‌ನ ಮರಳುನೆಲದಲ್ಲಿ ನಡೆದ ಪ್ರಯೋಗದ ಫಲಿತಾಂಶ 1987ರಲ್ಲಿ ಪ್ರಕಟವಾಯಿತು: ಆಮ್ಲಜನಕ ಸಿಕ್ಕರೆ ಬೆಂಜೀನ್‌ನಂಥವನ್ನು ನೆಲದ ಬ್ಯಾಕ್ಟೀರಿಯಾಗಳೇ ತಿಂದು ಕರಗಿಸುತ್ತವೆ. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 1995ರಲ್ಲಿ ಕ್ಯಾಲಿಫೋರ್ನಿಯಾದ 271 ಪ್ರಕರಣಗಳನ್ನು ಪರಿಶೀಲಿಸಿ, ಬೆಂಜೀನ್ ಹರಿವು ಸುಮಾರು 250 ಅಡಿ ದಾಟುವುದು ವಿರಳ ಎಂದಿತು. ಎಲ್ಲವನ್ನೂ ಅಗೆದು ಸಾಗಿಸುವ ಹಟ ಸಡಿಲಿತು. ಮಾಲಿನ್ಯ ಯಾವ ದಾರಿಯಲ್ಲಿ ಯಾರನ್ನು ಮುಟ್ಟೀತು ಎಂಬ ಪ್ರಶ್ನೆ ಮುಂದೆ ಬಂತು.

ಆ ನಿರಾಳ ಒಂದೇ ವರ್ಷದಲ್ಲಿ ಕದಡಿತು. ಪೆಟ್ರೋಲ್ ಚೆನ್ನಾಗಿ ಉರಿಯಲೆಂದು ಬೆರೆಸುತ್ತಿದ್ದ ಎಂಟಿಬಿಇ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಬೇಗ ಜಗ್ಗುವುದಿಲ್ಲ. 1996ರಲ್ಲಿ ಸಾಂಟಾ ಮೋನಿಕಾ ನಗರ ಅದರಿಂದಾಗಿ ಬಾವಿಗಳನ್ನು ಮುಚ್ಚಿ, ತನ್ನ ನೀರಿನ ಸುಮಾರು ಅರ್ಧ ಪಾಲು ಕಳೆದುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಎಂಟಿಬಿಇ ನಿಷೇಧವಾಯಿತು. ಇತ್ತ 1991ರ ಜಾನ್ಸನ್–ಎಟಿಂಜರ್ ಗಣಿತ ಮಾದರಿಯ ನಂತರ, ಮಣ್ಣಿನ ಆವಿ ನೆಲಗಟ್ಟಿನ ಬಿರುಕಿನಿಂದ ಮನೆಯೊಳಗೆ ನುಗ್ಗುವುದನ್ನು ಅಳೆಯುವುದೂ ತನಿಖೆಯ ಭಾಗವಾಯಿತು.

ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹೊಸ ಬಂಕುಗಳಿಗೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಕರ್ನಾಟಕದ ಬಹುಭಾಗ ಗಟ್ಟಿ ಬಂಡೆಯ ನೆಲ, ಇಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಮರಳಿನಲ್ಲಿ ನಿಧಾನವಾಗಿ ಸರಿಯುವ ಪೆಟ್ರೋಲ್ ಬಿರುಕು ಹಿಡಿದರೆ ಎತ್ತ ಹೋಗುತ್ತದೆಂದು ಹತ್ತಿರದ ಬಾವಿ ಹೇಳಲಾರದು. ಹಾಗಾಗಿ 250 ಅಡಿಯ ಲೆಕ್ಕವನ್ನು ಎರವಲು ತಂದು ನೆಮ್ಮದಿಯಿಂದಿರುವಂತಿಲ್ಲ. ಬಂಕಿನ ಪಕ್ಕದ ಕೊಳವೆಬಾವಿಯಿಂದ ನೀರೆತ್ತುವ ಮನೆಯವರಿಗೆ ಆ ನೆಲವನ್ನೇ, ಆ ಬಿರುಕನ್ನೇ ಕೇಳಿ ಪಡೆದ ಉತ್ತರ ಸಿಗಬೇಕು, ಅದೂ ನೀರು ನಾರುವ ಮೊದಲೇ.